ಸಮಾಜವಾದವೆಂಬ ಮಾತು

ಪಕ್ಷಗಳ ಹೆಸರಿನಲ್ಲಿಯೂ ಚುನಾವಣೆಯ ಭಾಷಣಗಳಲ್ಲಿಯೂ ಸಂವಿಧಾನದ ಪ್ರಸ್ತಾವನೆಯಲ್ಲಿಯೂ ನಮ್ಮ ಕಣ್ಣಿಗೆ ಕಿವಿಗೆ ಬೀಳುತ್ತಲೇ ಇರುವ ‘ಸಮಾಜವಾದ’ವೆಂಬ ಶಬ್ದವು ಯಾವ ಕಾಲದಲ್ಲಿಯೂ ಒಂದೇ ಅರ್ಥದಲ್ಲಿ ನೆಲೆನಿಂತುದಲ್ಲ. ನಮ್ಮ ನೈಯಾಯಿಕರು ಚರ್ಚೆಯನ್ನು ಮೂರು ಬಗೆಯಾಗಿ ವಿಂಗಡಿಸಿ, ತತ್ತ್ವವನ್ನು ತಿಳಿಯುವ ಉದ್ದೇಶದಿಂದ ನಡೆಯುವುದನ್ನು ವಾದವೆಂದೂ, ಗೆಲುವೊಂದನ್ನೇ ಬಯಸಿ ನಡೆಯುವುದನ್ನು ಜಲ್ಪವೆಂದೂ, ತನ್ನದೊಂದು ಪಕ್ಷವನ್ನು ಸ್ಥಾಪಿಸದೆ ಎದುರಾಳಿಯನ್ನು ಖಂಡಿಸುವುದಷ್ಟನ್ನೇ ವಿತಂಡವೆಂದೂ ಕರೆದರು. ಈ ವಿಭಾಗವನ್ನು ಮನಸ್ಸಿನಲ್ಲಿರಿಸಿಕೊಂಡು ನೋಡಿದರೆ, ಸಮಾಜವಾದದ ಒಳಗೇ ನಡೆದ ಕಲಹಗಳು ಅದರ ದೌರ್ಬಲ್ಯವಲ್ಲ, ಅದರ ಪ್ರಾಣ ಎಂಬುದು ಸ್ಪಷ್ಟವಾಗುತ್ತದೆ.

ಇದರ ಮೂಲಶಬ್ದವಾದ ‘ಸೋಷಿಯಲಿಸಂ’ 1820ರ ದಶಕದ ಕೊನೆಗೂ 1830ರ ದಶಕಕ್ಕೂ ನಡುವೆ ಇಂಗ್ಲೆಂಡು ಫ್ರಾನ್ಸುಗಳಲ್ಲಿ ಬಳಕೆಗೆ ಬಂದಿತು. ಸ್ಕಾಟ್ಲೆಂಡಿನ ನ್ಯೂ ಲ್ಯಾನಾರ್ಕಿನಲ್ಲಿ ಹತ್ತಿಯ ಗಿರಣಿಯನ್ನು ನಡೆಸುತ್ತ, ಎಳೆಯ ಮಕ್ಕಳನ್ನು ಯಂತ್ರಗಳ ಬಳಿಯಿಂದ ಬಿಡಿಸಿ ಶಾಲೆಗೆ ಕಳುಹಿಸಿದ ರಾಬರ್ಟ್ ಓವೆನ್ನನ ಅನುಯಾಯಿಗಳಿಗೆ ಅದು ಸಹಕಾರದಿಂದ ಕೂಡಿ ಬಾಳುವ ಹೊಸ ವಸತಿಗಳ ಕನಸಾಗಿದ್ದಿತು. 1848ರಲ್ಲಿ ಮಾರ್ಕ್ಸ್ ಮತ್ತು ಎಂಗೆಲ್ಸರು ತಮ್ಮ ಪ್ರಣಾಳಿಕೆಗೆ ಸಮಾಜವಾದದ ಹೆಸರನ್ನಿಡದೆ ಕಮ್ಯೂನಿಸ್ಟ್ ಎಂಬ ಹೆಸರನ್ನೇ ಆರಿಸಿಕೊಂಡುದಕ್ಕೆ ಕಾರಣವನ್ನು ಎಂಗೆಲ್ಸನು 1888ರ ಮುನ್ನುಡಿಯಲ್ಲಿ ವಿವರಿಸಿದ್ದಾನೆ: ಅಂದು ಸಮಾಜವಾದವು ಮಧ್ಯಮವರ್ಗದವರ ಸಭ್ಯ ಚಳವಳಿಯಾಗಿತ್ತು, ಕಮ್ಯೂನಿಸಮ್ಮಾದರೋ ಕಾರ್ಮಿಕರದು.

ಆಸ್ತಿಯು ಖಾಸಗಿಯವರ ಕೈ ಬಿಟ್ಟ ಮೇಲೆ ಯಾರ ಕೈ ಸೇರಬೇಕೆಂಬುದೇ ಮುಂದಿನ ವಾದದ ತಿರುಳು. ಪ್ರಭುತ್ವವನ್ನು ವಶಪಡಿಸಿಕೊಂಡಲ್ಲದೆ ದುಡಿಯುವ ವರ್ಗಕ್ಕೆ ಬಿಡುಗಡೆಯಿಲ್ಲವೆಂದು ಮಾರ್ಕ್ಸನು ನಂಬಿದರೆ, ಹಾಗೆ ವಶಪಡಿಸಿಕೊಂಡ ಪ್ರಭುತ್ವವೇ ಹೊಸ ಒಡೆಯನಾಗಿ ಕುಳಿತೀತೆಂದು ಅರಾಜಕತಾವಾದಿಯಾದ ಬಕೂನಿನನು ಎಚ್ಚರಿಸಿದನು. 1872ರಲ್ಲಿ ಹೇಗ್ ನಗರದ ಅಧಿವೇಶನದಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಘವು ಬಕೂನಿನನನ್ನು ಹೊರಹಾಕಿದರೂ, ಆತನೆತ್ತಿದ ಪ್ರಶ್ನೆಯನ್ನು ಹೊರಹಾಕಲು ಅದಕ್ಕೆ ಸಾಧ್ಯವಾಗಲಿಲ್ಲ. ಲಂಡನ್ನಿನಲ್ಲಿ 1884ರಲ್ಲಿ ಹುಟ್ಟಿದ ಫೇಬಿಯನ್ ಸಂಘದವರು ಕ್ರಾಂತಿಯ ಅವಸರವನ್ನು ಬಿಟ್ಟು, ಪುರಸಭೆಯಿಂದ ಪಾರ್ಲಿಮೆಂಟಿನವರೆಗೆ ಮೆಟ್ಟಿಲುಮೆಟ್ಟಿಲಾಗಿ ಏರುವ ಮಾರ್ಗವನ್ನು ಹಿಡಿದರು. ಜರ್ಮನಿಯಲ್ಲಿ ಬರ್ನ್‌ಸ್ಟೈನನು ಅಂಥದೇ ಸುಧಾರಣಾಮಾರ್ಗವನ್ನು ಪ್ರತಿಪಾದಿಸಿದಾಗ ಅದನ್ನು ತೀವ್ರವಾಗಿ ಖಂಡಿಸಿದ ರೋಸಾ ಲಕ್ಸೆಂಬರ್ಗಳೇ, 1918ರಲ್ಲಿ ಸೆರೆಮನೆಯೊಳಗಿದ್ದುಕೊಂಡು, ಭಿನ್ನಮತಕ್ಕೆ ಸ್ಥಳವಿಲ್ಲದ ಸ್ವಾತಂತ್ರ್ಯವು ಸ್ವಾತಂತ್ರ್ಯವೇ ಅಲ್ಲವೆಂದು ರಷ್ಯದ ಕ್ರಾಂತಿಕಾರರನ್ನೂ ವಿಮರ್ಶಿಸಿದಳು. ಸ್ವಪಕ್ಷವನ್ನೂ ಸತ್ಯದ ಒರೆಗೆ ಹಚ್ಚಿದ ಇಂಥ ಬರೆಹವೇ ನಿಜವಾದ ವಾದ.

ಆದರೆ ಶಬ್ದಕ್ಕೆ ಜಲ್ಪದ ದಿನಗಳೂ ಬಂದವು. ಅದನ್ನು ತನ್ನ ಪಕ್ಷದ ಹೆಸರಿಗೆ ಅಂಟಿಸಿಕೊಂಡ ಹಿಟ್ಲರನು 1933ರಲ್ಲಿ ಸರ್ವಾಧಿಕಾರದ ಶಾಸನವನ್ನು ತಂದಾಗ, ಅದರ ವಿರುದ್ಧ ಮತವಿತ್ತ 94 ಮಂದಿ ಸದಸ್ಯರೂ ಸಮಾಜವಾದಿ ಪ್ರಜಾಸತ್ತಾ ಪಕ್ಷದವರೇ ಆಗಿದ್ದರು. ಕೆಲವೇ ತಿಂಗಳಲ್ಲಿ ಆ ಪಕ್ಷವು ನಿಷೇಧಕ್ಕೆ ಗುರಿಯಾಯಿತು. ಹೆಸರನ್ನು ಕಂಡು ತತ್ತ್ವವನ್ನು ಅಳೆಯುವವರು ಈ ಸಂಗತಿಯನ್ನು ಮರೆಯತಕ್ಕದ್ದಲ್ಲ.

ಭಾರತದಲ್ಲಿ ಈ ಮಾತಿಗೆ ಬೇರೊಂದು ಪರೀಕ್ಷೆ ಕಾದಿತ್ತು. 1934ರಲ್ಲಿ ಕಾಂಗ್ರೆಸ್ ಸಮಾಜವಾದಿ ಪಕ್ಷವನ್ನು ಕಟ್ಟಿದ ಜಯಪ್ರಕಾಶ ನಾರಾಯಣ, ಆಚಾರ್ಯ ನರೇಂದ್ರದೇವ ಮೊದಲಾದವರು ಮಾರ್ಕ್ಸನ ಗ್ರಂಥಗಳಿಂದ ವರ್ಗದ ವಿಚಾರವನ್ನು ಕಲಿತಿದ್ದರು. ಆದರೆ ‘ಸಮಾಜ ಬಾಂಧವರಲ್ಲಿ ವಿಜ್ಞಾಪನೆ’ ಎಂದು ಅಚ್ಚು ಹಾಕಿಸುವ ನಮ್ಮ ನಾಡಿನ ಕರಪತ್ರದಲ್ಲಿ ಸಮಾಜವೆಂದರೆ ಬಹುಮಟ್ಟಿಗೆ ಸ್ವಜಾತಿಯೇ. ಜಾತಿಯನ್ನು ಮುಟ್ಟದ ಸಮಾಜವಾದವು ಇಲ್ಲಿ ಅರ್ಧ ಸತ್ಯವೆಂಬುದನ್ನು ಕಂಡುಕೊಂಡ ರಾಮಮನೋಹರ ಲೋಹಿಯಾ ಅವರು, ಬಂಡವಾಳಶಾಹಿ ಕಮ್ಯೂನಿಸಂ ಎರಡೂ ಈ ಬಡ ಖಂಡಗಳಿಗೆ ಸಮಾನವಾಗಿ ಅಪ್ರಸ್ತುತವೆಂದು ಸಾರಿ, ಹಿಂದುಳಿದವರಿಗೂ ದಲಿತರಿಗೂ ಸ್ತ್ರೀಯರಿಗೂ ಅಧಿಕಾರದಲ್ಲಿ ನೂರಕ್ಕೆ ಅರವತ್ತರ ಪಾಲನ್ನು ಕೇಳಿದರು. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ, ಧಣಿಗಳು ಗೇಣಿಯ ಭತ್ತವನ್ನು ಹಿರಿಯ ಕೊಳಗದಲ್ಲಿ ಅಳೆದುಕೊಳ್ಳುವುದನ್ನು ದೀವರ ಗೇಣಿದಾರರು ಪ್ರತಿಭಟಿಸಿದಾಗ, ಅವರ ಬೆಂಬಲಕ್ಕೆ ಬಂದ ಲೋಹಿಯಾ ಅವರು ಬಂಧನಕ್ಕೊಳಗಾದರು. ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರ ರಾಜಕೀಯ ಜೀವನಕ್ಕೆ ಆ ಹೋರಾಟವೇ ತಳಹದಿಯಾಯಿತು. ಅಲ್ಲಿಯ ರೈತರು ಬೇಡಿದ್ದು ಧಣಿಯ ದಯೆಯನ್ನಲ್ಲ, ಅಳತೆಯಲ್ಲಿ ನ್ಯಾಯವನ್ನು. ಲಂಡನ್ನು ಬರ್ಲಿನ್ನುಗಳ ಪಂಡಿತರು ದಶಕಗಳ ಕಾಲ ಚರ್ಚಿಸಿದ ಒಡೆತನದ ಪ್ರಶ್ನೆಯು ಮಲೆನಾಡಿನ ಕಣದಲ್ಲಿ ಕೊಳಗದ ರೂಪದಲ್ಲಿ ಬಂದು ನಿಂತಿತ್ತು.

ಸಂವಿಧಾನದಲ್ಲಿ ಈ ಶಬ್ದಕ್ಕೆ ಸ್ಥಾನ ದೊರೆತ ಕಥೆಯೂ ಸರಳವಾದುದಲ್ಲ. ಮೂಲ ಕೈಗಾರಿಕೆಗಳೂ ಭೂಮಿಯೂ ಪ್ರಭುತ್ವದ ವಶದಲ್ಲಿರಬೇಕೆಂಬುದನ್ನು ಸಂವಿಧಾನದಲ್ಲಿಯೇ ವಿಧಿಸಬೇಕೆಂದು 1947ರಲ್ಲಿ ಬರೆದ ಡಾಕ್ಟರ್ ಅಂಬೇಡ್ಕರರು, 1948ರ ನವೆಂಬರಿನಲ್ಲಿ ಕೆ. ಟಿ. ಶಾ ಅವರು ‘ಸಮಾಜವಾದಿ’ ಎಂಬ ವಿಶೇಷಣವನ್ನು ಸೇರಿಸಲು ತಿದ್ದುಪಡಿ ತಂದಾಗ, ಸಮಾಜದ ವ್ಯವಸ್ಥೆಯನ್ನು ಆಯಾ ಕಾಲದ ಜನರೇ ನಿರ್ಣಯಿಸಿಕೊಳ್ಳಬೇಕೆಂದೂ, ನಿರ್ದೇಶಕ ತತ್ತ್ವಗಳಲ್ಲಿ ಅದರ ಸಾರವು ಆಗಲೇ ಅಡಕವಾಗಿದೆಯೆಂದೂ ಹೇಳಿ ಅದನ್ನು ಒಪ್ಪಲಿಲ್ಲ. ಕೊನೆಗೆ ಆ ಶಬ್ದವು ಪ್ರಸ್ತಾವನೆಯನ್ನು ಸೇರಿದುದು 1976ರ 42ನೆಯ ತಿದ್ದುಪಡಿಯಿಂದ. ತುರ್ತು ಪರಿಸ್ಥಿತಿಯ ಆ ದಿನಗಳಲ್ಲಿ ದೇಶದ ಅನೇಕ ಸಮಾಜವಾದಿಗಳು ಸೆರೆಮನೆಯಲ್ಲಿದ್ದರು. ವಾದಿಗಳನ್ನು ಬಂಧಿಸಿಟ್ಟು ವಾದವನ್ನು ಪ್ರತಿಷ್ಠಾಪಿಸಿದ ಆ ಪ್ರಸಂಗವು ಇಂದಿಗೂ ನೋವನ್ನುಂಟುಮಾಡುತ್ತದೆ.

2024ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ಶಬ್ದವನ್ನು ಉಳಿಸಿ, ನಮ್ಮಲ್ಲಿ ಅದರ ಅರ್ಥ ಕ್ಷೇಮರಾಜ್ಯದ ಸಂಕಲ್ಪವೆಂದೂ ಖಾಸಗಿ ಉದ್ಯಮಕ್ಕೆ ಅದರಿಂದ ತಡೆಯಿಲ್ಲವೆಂದೂ ವಿವರಿಸಿತು. ಕ್ಷೇಮರಾಜ್ಯವು ಆದರಣೀಯವೇ; ಹಸಿದವನಿಗೆ ಅಕ್ಕಿಯೂ ರೋಗಿಗೆ ಔಷಧಿಯೂ ದೊರೆಯುವುದು ಅಲ್ಪ ಸಾಧನೆಯಲ್ಲ. ಆದರೆ ಓವೆನ್ನನ ಸಹಕಾರ, ಬಕೂನಿನನ ಎಚ್ಚರಿಕೆ, ಲಕ್ಸೆಂಬರ್ಗಳ ಸ್ವಾತಂತ್ರ್ಯನಿಷ್ಠೆ, ಲೋಹಿಯಾ ಅವರ ಜಾತಿವಿನಾಶದ ಹಂಬಲ, ಇವೆಲ್ಲವನ್ನೂ ಅಳಿಸಿ ಪರಿಹಾರಧನವೊಂದನ್ನೇ ಸಮಾಜವಾದವೆಂದು ತಿಳಿದರೆ, ಕೊಡುವವನು ಮೇಲೆಯೂ ಕೊಳ್ಳುವವನು ಕೆಳಗೂ ಇರುವ ಹಳೆಯ ಏರ್ಪಾಡೇ ಹೊಸ ಹೆಸರಿನಲ್ಲಿ ಉಳಿದುಕೊಳ್ಳುವುದು. ಆದುದರಿಂದ ಸಮಾಜವಾದಿಯೆಂದು ಹೇಳಿಕೊಳ್ಳುವ ಪ್ರತಿಯೊಬ್ಬರನ್ನೂ, ಅವರು ಏನನ್ನು ಹಂಚುವರೆಂದು ಕೇಳುವುದರ ಜೊತೆಗೆ, ಹಂಚುವ ಅಧಿಕಾರವನ್ನು ಯಾರೊಡನೆ ಹಂಚಿಕೊಳ್ಳುವರೆಂದು ಕೇಳುವುದು ನಾಗರಿಕರಾದ ನಮ್ಮ ಕರ್ತವ್ಯ.