ಅಫೀಮಿನ ಆಳ್ವಿಕೆ, ಮಾರ್ಫಿನಿನ ವನವಾಸ

ಸಿಂಹಾಸನವನ್ನೇರದೆಯೇ ಸಾಮ್ರಾಜ್ಯಗಳನ್ನು ಏಳಿಸಿ ಉರುಳಿಸಿದ ಸಸ್ಯವೊಂದು ನಮ್ಮ ನೆಲದಲ್ಲಿದೆ, ಅದು ಗಸಗಸೆ. 1773ರಲ್ಲಿ ವಾರನ್ ಹೇಸ್ಟಿಂಗ್ಸ್ ಬಂಗಾಳದ ಅಫೀಮಿನ ಮೇಲೆ ಕಂಪನಿಯ ಏಕಸ್ವಾಮ್ಯವನ್ನು ಸ್ಥಾಪಿಸಿದಂದಿನಿಂದ ಗಂಗಾತೀರದ ರೈತನ ಬೆವರು ಕಲ್ಕತ್ತೆಯ ಹರಾಜಿನಲ್ಲಿ ಬೆಳ್ಳಿಯಾಯಿತು, ಚೀನದ ಕರಾವಳಿಯಲ್ಲಿ ವಿನಾಶವಾಯಿತು. 1820ರಲ್ಲಿ ಗಾಜೀಪುರದ ಕಾರ್ಖಾನೆ ತಲೆಯೆತ್ತಿತು. 1839ರಲ್ಲಿ ಅಫೀಮಿನ ವ್ಯಾಪಾರಕ್ಕಾಗಿ ಯುದ್ಧವೇ ಸಿಡಿಯಿತು. 1842ರ ನಾನ್‌ಕಿಂಗ್ ಒಪ್ಪಂದದಲ್ಲಿ ಚೀನದ ಚಕ್ರವರ್ತಿ ಹಾಂಗ್‌ಕಾಂಗನ್ನು ಒಪ್ಪಿಸಿ ಶರಣಾದ. ಲೋಭವೊಂದು ಪ್ರಾಚೀನ ಮಹಾರಾಜ್ಯದ ಅಭಿಮಾನವನ್ನು ಮಣ್ಣುಗೂಡಿಸಿದ ಆ ಅಧ್ಯಾಯಕ್ಕೆ ನಮ್ಮ ಹೊಲಗಳೇ ಸಾಕ್ಷಿ.

ಆದರೆ ಅದೇ ಸಸ್ಯದ ಒಡಲಲ್ಲಿ ಕರುಣೆಯೂ ಅಡಗಿತ್ತು. 19ನೆಯ ಶತಮಾನದ ಆದಿಯಲ್ಲಿ ಜರ್ಮನಿಯ ಪಾಡರ್‌ಬಾರ್ನ್ ನಗರದ ಔಷಧಶಾಲೆಯಲ್ಲಿ ದುಡಿಯುತ್ತಿದ್ದ ಸೆರ್ಟ್ಯೂರ್ನರ್ ಎಂಬ ತರುಣ ಅಫೀಮಿನಿಂದ ಮಾರ್ಫಿನನ್ನು ಬೇರ್ಪಡಿಸಿದ. 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಆಶ್ರಯಧಾಮವನ್ನು ತೆರೆದ ಸಿಸಿಲಿ ಸಾಂಡರ್ಸ್, ನೋವು ಕೆರಳುವ ಮುನ್ನವೇ ನಿಯತಕಾಲಕ್ಕೆ ಮಾರ್ಫಿನ್ ಕೊಟ್ಟರೆ ಕ್ಯಾನ್ಸರ್ ರೋಗಿ ಮಂಕಾಗದೆ, ಮನೆಯವರೊಡನೆ ಮಾತಾಡುತ್ತಾ ಬಾಳಬಲ್ಲನೆಂದು ತೋರಿದರು. 1986ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದನ್ನೇ ಸೂತ್ರವಾಗಿಸಿತು: ಸಾಧ್ಯವಾದಷ್ಟೂ ಬಾಯಿಯ ಮೂಲಕ, ಗಡಿಯಾರದ ಪ್ರಕಾರ, ನೋವಿನ ಮೆಟ್ಟಿಲಿಗೆ ತಕ್ಕಂತೆ.

ಜಗತ್ತು ಬಾಗಿಲು ತೆರೆದ ಆ ಗಳಿಗೆಗೆ ಒಂದೇ ವರ್ಷ ಮೊದಲು ನಾವು ಬಾಗಿಲು ಹಾಕಿಕೊಂಡಿದ್ದೆವು. 1985ರ ಮಾದಕ ದ್ರವ್ಯ ಕಾಯ್ದೆ ಕಳ್ಳಸಾಗಣೆಗಾರನಿಗೆಂದು ಎತ್ತಿದ ಖಡ್ಗ. ಅದರ ಏಟು ಬಿದ್ದದ್ದು ಹಾಸಿಗೆ ಹಿಡಿದ ರೋಗಿಗೆ. ಹತ್ತು ವರ್ಷಗಳ ಸೆರೆಯ ಭಯ, ರಾಜ್ಯಕ್ಕೊಂದು ನಿಯಮ, ಒಂದೇ ಮಾತ್ರೆಗೆ ಹಲವು ಇಲಾಖೆಗಳ ಪರವಾನಗಿ, ಒಂದು ಕೈಸೇರುವಷ್ಟರಲ್ಲಿ ಇನ್ನೊಂದರ ಅವಧಿ ಮುಗಿದಿರುವ ದುರವಸ್ಥೆ. ಅಂಗಡಿಗಳು ಮಾರ್ಫಿನ್ ಇಡುವುದನ್ನೇ ಬಿಟ್ಟವು. 1997ರಲ್ಲಿ ಸಮಸ್ತ ಭಾರತ ಬಳಸಿದ ಮಾರ್ಫಿನ್ ಕೇವಲ 18 ಕಿಲೋ! ಇತ್ತ ಮಂದಸೌರಿನ ರೈತ ಎಂದಿನಂತೆ ಮಧ್ಯಾಹ್ನ ಗಸಗಸೆಯ ಕಾಯಿಗೆ ಸಣ್ಣ ಗೀರುಗಳನ್ನೆಳೆದು, ಮುಂಜಾನೆ ಒಸರಿ ಗಟ್ಟಿಯಾದ ಕಂದು ಅಂಟನ್ನು ಕೆರೆದು ತೆಗೆಯುತ್ತಿದ್ದ. ಹೀಗೆ ಕೂಡಿದ ನೂರಾರು ಟನ್ ಅಫೀಮಿನ ಬಹುಪಾಲು ಪರದೇಶದವರ ನೋವನ್ನು ತಣಿಸಲು ಹಡಗೇರುತ್ತಿತ್ತು. ಮೂಳೆಗೆ ಕ್ಯಾನ್ಸರ್ ಹಬ್ಬಿ ಮಗ್ಗುಲು ಬದಲಿಸಲಾರದೆ, ರಾತ್ರಿಯಿಡೀ ಗೋಡೆಗೊರಗಿ ಕುಳಿತ ನಮ್ಮವರ ಪಾಲಿಗೆ ಬಂದದ್ದು ಪ್ಯಾರಾಸಿಟಮಾಲ್. ನಮ್ಮ ಗಣರಾಜ್ಯದ ಚರಿತ್ರೆಯಲ್ಲಿ ಇದಕ್ಕಿಂತ ಕ್ರೂರವಾದ ಉಪೇಕ್ಷೆಗಳು ಹೆಚ್ಚಿಲ್ಲವೆಂದೇ ನನ್ನ ನಿಶ್ಚಿತ ಮತ.

ಪ್ರತಿರೋಧ ಮೊಳೆತದ್ದು ಕೋಳಿಕ್ಕೋಡಿನಲ್ಲಿ. 1993ರಲ್ಲಿ ಅರಿವಳಿಕೆ ತಜ್ಞ ಎಂ.ಆರ್. ರಾಜಗೋಪಾಲ್ ಮತ್ತು ಸಂಗಡಿಗರು ಅಲ್ಲಿನ ವೈದ್ಯಕೀಯ ಕಾಲೇಜಿನ ಆಶ್ರಯದಲ್ಲಿ ಉಪಶಾಮಕ ಚಿಕಿತ್ಸೆಯ ಸಂಘವನ್ನು ಕಟ್ಟಿದರು. ನಾಲ್ಕು ಗಂಟೆಗೊಮ್ಮೆ ನುಂಗುವ ಮಾತ್ರೆ, ಮಲಬದ್ಧತೆಯಾಗದಂತೆ ಮೊದಲ ದಿನದಿಂದಲೇ ವಿರೇಚಕ, ನೋವಿಗನುಗುಣವಾಗಿ ಏರಿಸುವ ಪ್ರಮಾಣ: ಇಷ್ಟೇ ಅವರ ಆಯುಧಗಳು. ಮನೆಗೆ ಕೊಟ್ಟ ಮಾತ್ರೆ ಬೀದಿ ಸೇರುತ್ತದೆಂಬ ಅಧಿಕಾರಿಗಳ ಶಂಕೆಗೆ ಅವರು ಲೆಕ್ಕದಿಂದಲೇ ಉತ್ತರಿಸಿದರು; 1,700ಕ್ಕೂ ಮಿಕ್ಕ ರೋಗಿಗಳ ದಾಖಲೆಯಲ್ಲಿ ದುರುಪಯೋಗದ ಒಂದು ಪ್ರಕರಣವೂ ಕಾಣಲಿಲ್ಲವೆಂದು 2001ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆ ಪ್ರಕಟಿಸಿತು. ಇತ್ತ ಬೆಂಗಳೂರಿನಲ್ಲಿ 1999ರಲ್ಲಿ ಬಾಗಿಲು ತೆರೆದ ಕರುಣಾಶ್ರಯ, ಗುಣವಾಗದ ಹಂತ ತಲುಪಿದ ಕ್ಯಾನ್ಸರ್ ರೋಗಿಗಳನ್ನು ಬಿಡಿಕಾಸೂ ಕೇಳದೆ ಒಳಕ್ಕೆ ಕರೆದುಕೊಂಡಿತು. ದಶಕಗಳ ಹೋರಾಟದ ತರುವಾಯ 2014ರ ಫೆಬ್ರವರಿಯಲ್ಲಿ ಸಂಸತ್ತು ಕಾಯ್ದೆಗೆ ತಿದ್ದುಪಡಿ ತಂದು, ಅತ್ಯಗತ್ಯ ಔಷಧಗಳ ನಿಯಮವನ್ನು ದೇಶಕ್ಕೆಲ್ಲ ಒಂದಾಗಿಸುವ ದಾರಿ ತೆರೆಯಿತು.

ಕೋಟೆ ಒಡೆದಿದೆ, ಒಳಗಿನ ಭಯ ಇನ್ನೂ ಖಾಲಿಯಾಗಿಲ್ಲ. ಆ ಕಾಯ್ದೆಯ ನೆರಳಲ್ಲಿ ಓದಿದ ತಲೆಮಾರಿನ ಎಷ್ಟೋ ವೈದ್ಯರು ಮಾರ್ಫಿನ್ ಚೀಟಿ ಬರೆಯುವುದನ್ನು ಕಲಿಯಲೇ ಇಲ್ಲ. ಔಷಧವನ್ನು ಇಟ್ಟುಕೊಳ್ಳಲು ಬೇಕಾದ ಮಾನ್ಯತೆಯನ್ನು ಇಂದು ರಾಜ್ಯದ ಔಷಧ ನಿಯಂತ್ರಕರೇ ಕೊಡಬಲ್ಲರು. ಅರ್ಜಿ ಹಾಕಬೇಕಾದದ್ದು ನಮ್ಮ ಜಿಲ್ಲೆಗಳ, ನಮ್ಮ ತಾಲ್ಲೂಕುಗಳ ಆಸ್ಪತ್ರೆಗಳು.