ಪದ ಪರಿಚಯ: ಆರ್ಟಿಫ್ಯಾಕ್ಟ್

ಲ್ಯಾಟಿನ್ನಿನ ‘ಆರ್ತೆ’ ಎಂದರೆ ಕೌಶಲದಿಂದ, ‘ಫಾಕ್ತುಮ್’ ಎಂದರೆ ಮಾಡಿದ್ದು. ಇವೆರಡರ ಕೂಡಿಕೆಯಾದ ‘ಆರ್ಟಿಫ್ಯಾಕ್ಟ್’ ಪುರಾತತ್ತ್ವಜ್ಞರಿಗೆ ಮನುಷ್ಯನ ಕೈಯಿಂದಾದ ವಸ್ತು: ಮಡಕೆಚೂರು, ಕಲ್ಲಿನ ಕೊಡಲಿ. ನೇತ್ರವೈದ್ಯರಿಗೆ ಅದು ಕಣ್ಣಿನಲ್ಲಿಲ್ಲದೆ ಚಿತ್ರದಲ್ಲಷ್ಟೇ ಕಾಣುವ ಆಕೃತಿ. 1991ರಲ್ಲಿ ಪ್ರಕಟವಾದ ಓಸಿಟಿ ಎಂಬ ಕಣ್ಣಿನ ಸ್ಕ್ಯಾನ್ ತಂತ್ರ, ಮರಳಿ ಬರುವ ಬೆಳಕನ್ನು ಅಳೆದು ಅಕ್ಷಿಪಟಲದ ಪದರಗಳನ್ನು ಚಿತ್ರಿಸುತ್ತದೆ. ಮೇಲಿನ ರಕ್ತನಾಳ ಬೆಳಕನ್ನು ತಡೆದರೆ ಅದರಡಿ ಕಪ್ಪು ಪಟ್ಟಿ ಮೂಡುತ್ತದೆ; ಕಣ್ಣು ಅಲುಗಿದರೆ ನಾಳಗಳು ತುಂಡಾದಂತೆ ತೋರುತ್ತವೆ; ತೀವ್ರ ಸಮೀಪದೃಷ್ಟಿಯ ಉದ್ದನೆಯ ಕಣ್ಣಿನಲ್ಲಿ ಪಟಲದ ಅಂಚು ತಲೆಕೆಳಗಾಗಿ ಮಡಚಿಕೊಂಡಂತೆ ಕಾಣುವುದೂ ಉಂಟು.

ಇಂಥ ಆರ್ಟಿಫ್ಯಾಕ್ಟನ್ನು ‘ದೋಷ’ ಎಂದು ಕನ್ನಡಿಸುವುದು ಅಪಾಯ. ‘ದೃಷ್ಟಿದೋಷ’ ಬಳಕೆಯಲ್ಲಿರುವಾಗ ರೋಗಿ ತನ್ನ ಕಣ್ಣೇ ಕೆಟ್ಟಿತೆಂದು ಗಾಬರಿಯಾದಾನು. ‘ಹುಸಿಬಿಂಬ’ ಕಿವಿಗೆ ಹಿತವಾದರೂ ಪೂರ್ತಿ ಸರಿಯಲ್ಲ. ಆ ಕಪ್ಪು ಪಟ್ಟಿ ಮೇಲೊಂದು ನಾಳವಿರುವುದನ್ನು ಹೇಳುತ್ತದೆ, ಅದು ಹುಸಿಯಲ್ಲ. ನನ್ನ ಒಲವು ‘ಕೃತಕಬಿಂಬ’ದ ಕಡೆಗೆ. ‘ಕೃತಕ’ದ ಮೂಲಾರ್ಥವೂ ಮಾಡಿದ್ದು ಎಂದೇ. ಕೃತಕ ಹಲ್ಲು, ಕೃತಕ ನಗು ಎನ್ನುವಾಗ ಬೇಕೆಂದೇ ಮಾಡಿದ ಭಾವವಿದೆಯಲ್ಲ ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ ‘ಕೃತಕ ಬರ’ ಎನ್ನುವಾಗ ಯಾರೂ ಬರವನ್ನು ಬೇಕೆಂದು ತಯಾರಿಸಿರಲೇಬೇಕಿಲ್ಲ. ಅದು ಸಹಜ ಕಾರಣದಿಂದಾದುದಲ್ಲ ಎಂಬುದೇ ಅಲ್ಲಿ ಮುಖ್ಯ. ಇಂಗ್ಲಿಷ್ ಪದವನ್ನೇ ಉಳಿಸಿದರೆ ವೈದ್ಯರಿಗೆ ಅನುಕೂಲ, ನಿಜ. ವರದಿ ಹಿಡಿದು ಮನೆಗೆ ಹೋಗುವವರಿಗೆ ಅದರಿಂದ ಏನೂ ತಿಳಿಯದು. ನಿಮ್ಮ ವರದಿಯಲ್ಲಿ ಈ ಪದ ಕಂಡರೆ, ಸ್ಕ್ಯಾನ್ ಇನ್ನೊಮ್ಮೆ ಮಾಡಿಸಬೇಕೇ ಎಂದು ವೈದ್ಯರನ್ನು ಸಂಕೋಚವಿಲ್ಲದೆ ಕೇಳಿ.