ಕೈ ಹಿಡಿದು ಕಲಿತ ಹೆಜ್ಜೆ

1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆ ಹುಟ್ಟಿದಾಗ ಚನ್ನಗಿರಿ, ಹೊನ್ನಾಳಿ ಶಿವಮೊಗ್ಗದಿಂದ ಬಂದವು, ಜಗಳೂರು ಚಿತ್ರದುರ್ಗದಿಂದ ಬಂತು. ನ್ಯಾಮತಿ ಹೊನ್ನಾಳಿಯಿಂದ ಬೇರೆಯಾಗಿ ತಾಲ್ಲೂಕಾದದ್ದು ಆಮೇಲೆ. ಗಡಿ ಎಷ್ಟು ಸಲ ಅತ್ತಿತ್ತ ಆದರೂ ಈ ಸೀಮೆಯ ಕುಣಿತ ಮಾತ್ರ ಕದಲಲಿಲ್ಲ. ಬೀರಪ್ಪನ ಗುಡಿ ಮುಂದೆ ಡೊಳ್ಳು, ವೀರಭದ್ರನ ಜಾತ್ರೆಯಲ್ಲಿ ವೀರಗಾಸೆ, ಹಬ್ಬದ ರಾತ್ರಿ ಕೋಲಾಟ, ತಾಂಡಾಗಳಲ್ಲಿ ಲಂಬಾಣಿ ಹೆಂಗಸರ ಕುಣಿತ. ಇಷ್ಟೆಲ್ಲ ಇದ್ದೂ ಕಣ್ಣು ಕಾಣದವರಿಗೆ ಸಿಗುತ್ತಿದ್ದ ಜಾಗ ಹಾಡುವವರ ಸಾಲಿನಲ್ಲಿ. ಭಜನೆಗೆ ದನಿ ಕೂಡಿಸಬಹುದು, ಹಾರ್ಮೋನಿಯಂ ಒತ್ತಬಹುದು. ಗೆಜ್ಜೆ ಕಟ್ಟಿಕೋ ಎಂದು ಅವರನ್ನು ಕರೆದವರು ಕಡಿಮೆ.

ಹಾಡಿನ ದಾರಿ ತೆರೆದ ಕತೆ ಕನ್ನಡಿಗರಿಗೆ ಗೊತ್ತಿರುವುದೇ. ಹೊನ್ನಾಳಿ ಮೈಸೂರು ಸಂಸ್ಥಾನದ ಅಂಚಿನ ತಾಲ್ಲೂಕಾಗಿತ್ತು. ಅದರಾಚೆಗೆ ಮುಂಬೈ ಪ್ರಾಂತ್ಯದ ಧಾರವಾಡ ಜಿಲ್ಲೆ. ಆ ಕಡೆಯ ಹಾನಗಲ್ಲ ಸೀಮೆಯ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಹುಟ್ಟಿದ ಗದಿಗೆಯ್ಯನೇ ಮುಂದೆ ಪಂಚಾಕ್ಷರಿ ಗವಾಯಿಗಳಾದರು. ಹುಟ್ಟಿನಿಂದಲೇ ಕಣ್ಣಿರಲಿಲ್ಲ. ಹಾನಗಲ್ಲ ಕುಮಾರಸ್ವಾಮಿಗಳು ಕೈಹಿಡಿದರು, ಸಂಗೀತ ಕಲಿಯಲು ಏರ್ಪಾಡು ಮಾಡಿದರು. ಗವಾಯಿಗಳು ಊರೂರು ತಿರುಗುವ ಸಂಗೀತ ಶಾಲೆ ನಡೆಸಿ ಕಡೆಗೆ ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ನೆಲೆ ನಿಂತರು. 1944ರಲ್ಲಿ ಅವರು ತೀರಿಕೊಂಡ ಮೇಲೆ ಆ ಭಾರ ಹೊತ್ತವರು ಪುಟ್ಟರಾಜ ಗವಾಯಿಗಳು. 1914ರಲ್ಲಿ ಹುಟ್ಟಿ ಕೂಸಾಗಿದ್ದಾಗಲೇ ಕಣ್ಣು ಕಳೆದುಕೊಂಡವರು, 2010ರಲ್ಲಿ ಪದ್ಮಭೂಷಣ ಪಡೆದವರು.

ಗದುಗಿನ ಗವಾಯಿಗಳು ಸಂಗೀತ ಕಛೇರಿಗೇ ನಿಲ್ಲಲಿಲ್ಲ. ಆಶ್ರಮದ ಮಕ್ಕಳ ಹೊಟ್ಟೆ ತುಂಬಿಸಲು ನಾಟಕ ಕಂಪನಿಯನ್ನೂ ಕಟ್ಟಿದರು. ಅಂಧರು ರಂಗದಿಂದ ಅನ್ನ ದುಡಿಯಬಲ್ಲರು ಎಂಬುದು ಹೀಗೆ ಕಂಪನಿಯ ಕ್ಯಾಂಪುಗಳಲ್ಲೇ ಸಾಬೀತಾಗಿತ್ತು.

ಆದರೂ ನೃತ್ಯ ಹಿಂದೆಯೇ ಉಳಿಯಿತು. ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಸಂಗೀತದ ಪಾಠ ಕಿವಿಯಿಂದ ಕಿವಿಗೆ, ನೃತ್ಯದ ಪಾಠ ಕಣ್ಣಿನಿಂದ ಕಾಲಿಗೆ. ಗುರು ಅಡವು ಹಾಕಿ ತೋರಿಸುತ್ತಾರೆ, ಶಿಷ್ಯೆ ನೋಡಿ ಹಾಕುತ್ತಾಳೆ. ಭರತನಾಟ್ಯದವರು ಕಲಿಯುವ ‘ಅಭಿನಯ ದರ್ಪಣ’ ಎಂಟು ದೃಷ್ಟಿಭೇದಗಳನ್ನು ಹೇಳುತ್ತದೆ. ಕೈಯ ಚಲನೆಯನ್ನು ಕಣ್ಣು ಹಿಂಬಾಲಿಸಬೇಕು ಎನ್ನುತ್ತದೆ. ಇದನ್ನು ಓದಿದ ಮೇಷ್ಟ್ರು ಕಣ್ಣು ಕಾಣದ ಮಗುವನ್ನು ಪಕ್ಕದ ಸಂಗೀತ ಕ್ಲಾಸಿಗೆ ಕಳಿಸಿದರೆ ಅದರಲ್ಲಿ ದುರುದ್ದೇಶವೇನಿಲ್ಲ. ಕಲಿಸುವ ಬೇರೆ ದಾರಿ ಅವರಿಗೆ ಹೊಳೆದಿರಲಿಲ್ಲ, ಅಷ್ಟೆ.

ಆ ದಾರಿ ಒಂದಿದೆ ಎಂದು ಜಗತ್ತಿಗೆ ತೋರಿಸಿದವರಲ್ಲಿ ಕ್ಯೂಬಾದ ಬ್ಯಾಲೆ ಕಲಾವಿದೆ ಅಲಿಸಿಯಾ ಅಲೊನ್ಸೊ ದೊಡ್ಡ ಹೆಸರು. ಇನ್ನೂ ಇಪ್ಪತ್ತರ ಆಸುಪಾಸಿನಲ್ಲಿದ್ದಾಗಲೇ ಆಕೆಯ ಅಕ್ಷಿಪಟಲ ಕಳಚಿತು. ಶಸ್ತ್ರಚಿಕಿತ್ಸೆಯ ಮೇಲೆ ಶಸ್ತ್ರಚಿಕಿತ್ಸೆ, ತಲೆ ಅಲುಗಾಡಿಸದೆ ತಿಂಗಳುಗಟ್ಟಲೆ ಹಾಸಿಗೆ. ಮಲಗಿದಲ್ಲೇ ಆಕೆ ‘ಜಿಸೆಲ್’ ಬ್ಯಾಲೆಯ ಹೆಜ್ಜೆಗಳನ್ನು ಬೆರಳುಗಳಲ್ಲಿ ಕುಣಿದು ಕುಣಿದು ಬಾಯಿಪಾಠ ಮಾಡಿದರು. 1943ರಲ್ಲಿ ನ್ಯೂಯಾರ್ಕಿನಲ್ಲಿ ಅದೇ ಬ್ಯಾಲೆಯ ಮುಖ್ಯ ಪಾತ್ರ ಮಾಡಬೇಕಿದ್ದ ಕಲಾವಿದೆ ಕಾಯಿಲೆ ಬಿದ್ದಾಗ ಇವರು ರಂಗಕ್ಕೆ ಬಂದರು, ಗೆದ್ದರು. ಅಂಚಿನ ನೋಟ ಇಲ್ಲದ ಅವರಿಗೆ ಪ್ರಖರ ದೀಪಗಳೇ ರಂಗದ ಎಲ್ಲೆ ಹೇಳುತ್ತಿದ್ದವು. 1948ರಲ್ಲಿ ಕ್ಯೂಬಾದಲ್ಲಿ ಸ್ವಂತ ತಂಡ ಕಟ್ಟಿ, ಎಪ್ಪತ್ತು ದಾಟಿದ ಮೇಲೂ ಕುಣಿದರು. ಬ್ರೆಜಿಲ್‌ನ ಸಾವೊ ಪಾಲೊದಲ್ಲಿ ಫೆರ್ನಾಂಡಾ ಬಿಯಾಂಕಿನಿ 1995ರಿಂದ ಪೂರ್ತಿ ಕಣ್ಣಿಲ್ಲದ ಹುಡುಗಿಯರಿಗೂ ಬ್ಯಾಲೆ ಕಲಿಸುತ್ತ ಬಂದರು: ಹುಡುಗಿ ಗುರುವಿನ ಕಾಲು, ತೋಳು ಮುಟ್ಟಿ ನೋಡುತ್ತಾಳೆ, ಗುರು ಅವಳ ಕಾಲು, ತೋಳು ತಿದ್ದುತ್ತಾರೆ.

ನಮ್ಮಲ್ಲೂ ಇದೇ ಪದ್ಧತಿ ಬೇರೂರಿತು. ಮೈಸೂರಿನಲ್ಲಿ ಕಿವುಡ ಮತ್ತು ಅಂಧ ಮಕ್ಕಳ ಶಾಲೆ 1901ರಷ್ಟು ಹಿಂದೆಯೇ ತೆರೆದಿದ್ದರೂ, ಅಂಧ ಮಕ್ಕಳ ನೃತ್ಯ ತಂಡದ ಹೆಸರು ಕೇಳಿಬಂದದ್ದು ಬಹಳ ತಡವಾಗಿ. ಟಿ.ವಿ. ಶ್ರೀನಿವಾಸನ್ 1969ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ಶ್ರೀ ರಮಣ ಮಹರ್ಷಿ ಅಂಧರ ಅಕಾಡೆಮಿಯ ಮಕ್ಕಳು ಭರತನಾಟ್ಯ, ಜನಪದ ಕುಣಿತ ಎರಡನ್ನೂ ರಂಗಕ್ಕೆ ತಂದರು. ಮೈಸೂರು ಬಿ. ನಾಗರಾಜ್ ಕಟ್ಟಿದ ‘ಆರ್ಟಿಕ್ಯುಲೇಟ್ ಎಬಿಲಿಟಿ’ ತಂಡ ಕಣ್ಣು ಕಾಣದ ಕಲಾವಿದರನ್ನು ವೃತ್ತಿಪರ ರಂಗಕ್ಕೆ ಕರೆತಂದಿತು. ಹೀಗೆ ಮುಟ್ಟಿ ಕಲಿಯುವಾಗ ಒಂದು ಅಡವಿಗೆ ಹಿಡಿಯುವ ಹೊತ್ತು ಹೆಚ್ಚು. ಪತಾಕ ಹಸ್ತ ಎಂದರೆ ಬೆರಳುಗಳನ್ನು ಒಂದೊಂದಾಗಿ ನೀಡಿಸಿ ಹೆಬ್ಬೆರಳು ಮಡಿಸಿ ಕೊಡಬೇಕು. ಅರಮಂಡಿ ಎಷ್ಟು ಕೂರಬೇಕೆಂಬುದನ್ನು ಮಂಡಿ ಮುಟ್ಟಿಸಿ ತಿಳಿಸಬೇಕು. ‘ತೈಯ ತೈ’ ಎಂಬ ಸೊಲ್ಲಿಗೆ ಪಾದ ಜೋಡಿಸುವುದು ಮಾತ್ರ ಸಲೀಸು. ತಾಳ ಕಿವಿಗೆ ಬೀಳುವ ಸಂಗತಿ. ರಂಗದ ಮೇಲೆ ಪಕ್ಕದವರ ಗೆಜ್ಜೆ ಸದ್ದು, ಕಾಲಡಿಗೆ ಸಿಗುವ ಹಗ್ಗ ಇಲ್ಲವೇ ಚಾಪೆಯ ಅಂಚು ದಿಕ್ಕು ಹೇಳುತ್ತವೆ.

ಮುಟ್ಟುವುದು, ಕೇಳುವುದು ಎಂಬ ಈ ಅಳತೆಗೋಲು ಹಿಡಿದು ಮೊದಲು ಹೇಳಿದ ನಾಲ್ಕು ತಾಲ್ಲೂಕುಗಳ ಕುಣಿತಗಳನ್ನು ನೋಡಿದರೆ ಸೋಜಿಗವೆನಿಸುತ್ತದೆ. ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪ ಸಂತ ಸೇವಾಲಾಲರ ಹುಟ್ಟೂರು. ಫೆಬ್ರವರಿಯ ಜಾತ್ರೆಗೆ ಬಂಜಾರರು ನಾನಾ ಕಡೆಯಿಂದ ಬಂದು ಸೇರುತ್ತಾರೆ. ಲಂಬಾಣಿ ಹೆಂಗಸರು ವೃತ್ತವಾಗಿ ನಿಂತು, ಒಬ್ಬರಿಗೊಬ್ಬರು ಒತ್ತಾಗಿ, ಚಪ್ಪಾಳೆಗೆ ಬಾಗಿ ಏಳುವ ಕುಣಿತದಲ್ಲಿ ಕಣ್ಣಿಗಿಂತ ಪಕ್ಕದವಳ ತೋಳೇ ದಾರಿ ತೋರಿಸುತ್ತದೆ. ಕೋಲಾಟದಲ್ಲಿ ಎದುರಿನ ಕೋಲು ಎಲ್ಲಿದೆ ಎಂಬುದು ಪೆಟ್ಟಿನ ಸದ್ದಿನಿಂದಲೇ ತಿಳಿಯುತ್ತದೆ. ಚನ್ನಗಿರಿ, ಹೊನ್ನಾಳಿ ಕಡೆಯ ಡೊಳ್ಳಂತೂ ಎದೆಗೇ ತಾಳ ಹೊಡೆಯುತ್ತದೆ. ಕೊರಳಿಗೆ ಬಿದ್ದ ಡೊಳ್ಳಿನ ಭಾರ ತಾಳಬಲ್ಲ ಹುಡುಗನಿಗೆ ಹೆಜ್ಜೆಯ ಲೆಕ್ಕ ಅದೇ ಕೊಡುತ್ತದೆ.

ಎಲ್ಲವೂ ಹೀಗೇ ಅಂತಲ್ಲ. ಜಗಳೂರು ತಾಲ್ಲೂಕಿನ ಕೊಡದಗುಡ್ಡದಂಥ ವೀರಭದ್ರ ಕ್ಷೇತ್ರಗಳಿಗೆ ಒಗ್ಗುವ ವೀರಗಾಸೆಯಲ್ಲಿ ಕತ್ತಿ ಝಳಪಿಸುವಾಗ ಅಂತರ ತಪ್ಪುವಂತಿಲ್ಲ. ಅಲ್ಲಿ ಜಾಗ ಮೊದಲೇ ಗೊತ್ತುಮಾಡಿ, ನಿಧಾನಕ್ಕೆ ಕಲಿಸಬೇಕಾದೀತು.

ವಿಶೇಷಚೇತನರ ಹಕ್ಕುಗಳ 2016ರ ಕಾಯ್ದೆ ಕಲೆ, ಸಂಸ್ಕೃತಿಯಲ್ಲಿ ಪಾಲ್ಗೊಳ್ಳುವುದನ್ನೂ ಹಕ್ಕೆಂದು ಒಪ್ಪಿದೆ. ಆದರೆ ಕಾಯ್ದೆ ಗೆಜ್ಜೆ ಕಟ್ಟುವುದಿಲ್ಲ, ಕಟ್ಟಬೇಕಾದವರು ಮೇಷ್ಟ್ರು. ಕಣ್ಣು ಕಾಣದ ಮಗುವಿನ ಕುಣಿತಕ್ಕೆ ಬೆಂಗಳೂರಿನ ಬಸ್ಸೇ ಗತಿ ಎಂಬ ಸ್ಥಿತಿ ಹೋಗಬೇಕಾದರೆ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನ ಶಾಲೆಗಳಲ್ಲಿ ಕೋಲಾಟ ಕಲಿಸುವವರು ಮುಂದಿನ ಶಾಲಾ ವಾರ್ಷಿಕೋತ್ಸವಕ್ಕೆ ತಂಡ ಆರಿಸುವಾಗ ಆ ಮಗುವಿನ ಕೈಗೂ ಒಂದು ಜೋಡಿ ಕೋಲು ಕೊಡಲಿ.